ಹೊಟ್ಟಿನ ಚೀಲ

"ತೋಳು ಮ್ಯಾಲೇರಸಲೇ ಸುಳಿಮಗನ! ಮೊಂಡಗೈ ಕಾಣಬೇಕು ಮಂದಿಗಿ. ಬೀಗರ ಮನಿಗಿ ಬಂದೀಯೇನು, ತುಂಬ ತೋಳಿನ ಅಂಗಿ ಹಾಕ್ಕೊಂಡು?"

ಹೀಗೆ ಬೈದವನು ಅಮರನಾಥ. ಕಮಲಾಪುರದ ಜಗದೇವಪ್ಪ ಸಾವಕಾರರ ಒಬ್ಬನೇ ಮಗ, ಕಲಬುರಗಿಯಲ್ಲಿ ಅವರ ಬೇಳೆ ಮಿಲ್ಲು ನೋಡಿಕೊಳ್ಳುವವನು. ನನಗಿಂತ ಹತ್ತು ವರ್ಷ ಚಿಕ್ಕವನು. ಬೈಸಿಕೊಂಡವನು ನಾನು, ಸಾಯಬಣ್ಣ. ಅದೇ ಮಿಲ್ಲಿನಲ್ಲಿ ಹದಿನಾಲ್ಕು ವರ್ಷ ಹಮಾಲಿ ಮಾಡಿದವನು. ಬಲಗೈ ಮೊಣಕೈ ಕೆಳಗೆ ಗೇಣುದ್ದ ಇದೆ, ಅಲ್ಲಿಂದ ಮುಂದಕ್ಕೆ ಇಲ್ಲ.

ಕುಸನೂರ ರಸ್ತೆಯ ಒಂದು ಫಂಕ್ಷನ್ ಹಾಲಿನಲ್ಲಿ, ಮದುಮಗಳಿಗೆ ಸಿಂಗಾರ ಮಾಡುವ ಕೋಣೆಯಲ್ಲಿ ನನ್ನನ್ನು ಕೂಡಿಸಿದ್ದರು. ಎದುರಿಗೆ ಆಳೆತ್ತರದ ಕನ್ನಡಿ. ಕೈ ಹೋಗಿ ಹನ್ನೊಂದು ತಿಂಗಳಾದ ಮೇಲೆ ನನ್ನನ್ನು ನಾನು ಪೂರ್ತಿ ನೋಡಿಕೊಂಡದ್ದು ಅಲ್ಲಿಯೇ. ನೋಡಬಾರದಿತ್ತು.

"ಬೈಬ್ಯಾಡ್ರಿ ಅಮರ. ಇವರು ಇವತ್ತಿನ ನಮ್ಮ ಅತಿಥಿ" ಎಂದರು ಧೀರೇಂದ್ರ ಸರ್. ಶಹಾಬಜಾರದವರು. ಮೊದಲು ಎಲ್ಲೋ ಮಾಸ್ತರಕಿ ಮಾಡುತ್ತಿದ್ದರಂತೆ. ಈಗ ಸೋತ ಗಂಡಸರಿಗೆ ಧೈರ್ಯ ಹೇಳುವುದೇ ಅವರ ಕಸುಬು. ಹೊರಗೆ ದೊಡ್ಡ ಬ್ಯಾನರು ಕಟ್ಟಿದ್ದರು: 'ಏಳು ಗಂಡಸೇ, ಗೆಲ್ಲು! ಎರಡು ದಿನದ ಛಲ ಶಿಬಿರ.' ಕೆಳಗೆ ಅಮರನಾಥನ ನಗುಮುಖ, ಪ್ರಾಯೋಜಕರು ಅಂತ.

ಧೀರೇಂದ್ರ ಸರ್ ತಾವೇ ನನ್ನ ತೋಳನ್ನು ಮೇಲೇರಿಸಿ, ಬಾಟಲಿಯಿಂದ ಕೊಬ್ಬರಿ ಎಣ್ಣೆ ಸುರಿದುಕೊಂಡು ನನ್ನ ಮೊಂಡಗೈಗೆ ಸವರಿದರು. ಲೈಟಿಗೆ ಹೊಳೆಯಬೇಕಂತೆ. ಎಣ್ಣೆ ಹಚ್ಚಿದ ಮೇಲೆ ಕೈಯೊರೆಸುವ ಕಾಗದದಿಂದ ತಮ್ಮ ಬೆರಳುಗಳನ್ನು ಒಂದೊಂದಾಗಿ ಒರೆಸಿಕೊಂಡು ಕೇಳಿದರು, "ಮಾತು ನೆನಪದಲ್ಲ? ಹೇಳ್ರಿ ಒಮ್ಮೆ."

ನಾನು ಹೇಳಿದೆ. "ನಾನು ಕುಡೀತಿದ್ದೆ. ಹೊಲದಾಗ ರಾಶಿ ಮಷೀನಿನ್ಯಾಗ ಕೈ ಕಳ್ಕೊಂಡೆ. ತಪ್ಪು ನಂದೇ. ಇವತ್ತ ಎದ್ದು ನಿಂತೀನಿ."

"ಶಾಬಾಸ್."

"ಸರ್, ನಾ ಕುಡಿಯಂಗಿಲ್ರಿ. ಬೀಡಿನೂ ಸೇದಂಗಿಲ್ಲ."

"ನನಗ ಗೊತ್ತದ. ಆದರ ಬೀಳದೇ ಇದ್ದವ ಏಳೂದು ಹ್ಯಾಂಗ್ರಿ? ಮಂದಿಗಿ ಮೊದಲು ಬಿದ್ದದ್ದು ಕಾಣಬೇಕು, ಆಮ್ಯಾಲ ಎದ್ದದ್ದು."

"ಬಿದ್ದಿಲ್ಲರಿ ನಾ. ಎಳಕೊಂಡದ ಮಷೀನು."

ಅಮರನಾಥ ನನ್ನ ಕಿವಿಯ ಹತ್ತಿರ ಬಂದ. "ಸಾಯಬ್ಯಾ, ಸೋಮವಾರದಿಂದ ಗೇಟಿನ ಕೆಲಸ ಬೇಕೋ ಬ್ಯಾಡೋ? ಬೇಕಂದ್ರ ಬಾಯಿ ಮುಚ್ಚಿಕೊಂಡು ಬಾಯಿ ತೆಗಿ." ಎಂಥ ಮಾತು ನೋಡಿ! ಆದರೂ ತಿಳಿಯಿತು. ಅನ್ನ ಹಾಕುವವನ ಮಾತು ಹೇಗೆ ಆಡಿದರೂ ತಿಳಿಯುತ್ತದೆ.

ಮಿಲ್ಲಿನಲ್ಲಿ ತೊಗರಿಯನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಲು ಎಲಿವೇಟರು ಇರುತ್ತದೆ. ಬುಡದಲ್ಲೊಂದು ಗುಂಡಿ, ಅಲ್ಲಿ ಪಟ್ಟಾ, ಅಂದರೆ ಬೆಲ್ಟು, ತಿರುಗುತ್ತಿರುತ್ತದೆ. ದಿನಕ್ಕೆ ಹತ್ತು ಸಲ ಅಲ್ಲಿ ಕಾಳು, ಹೊಟ್ಟು ಸಿಕ್ಕಿಕೊಂಡು ನಿಲ್ಲುತ್ತದೆ. ಮೋಟಾರು ಬಂದ್ ಮಾಡಿ ತೆಗೆಯಬೇಕು. ಬಂದ್ ಮಾಡಿದರೆ ಮತ್ತೆ ಎಲ್ಲ ಮಷೀನು ಒಂದೊಂದಾಗಿ ಶುರು ಮಾಡಲು ಅರ್ಧ ತಾಸು. ಅದಕ್ಕೆ ಅಮರನಾಥ ಬಂದ ವರ್ಷವೇ ಕೈ ಸಿಗದಿರಲೆಂದು ಪಟ್ಟಾದ ಮೇಲೆ ಮುಚ್ಚಿದ್ದ ಕಬ್ಬಿಣದ ಜಾಳಗಿ ಬಿಚ್ಚಿಸಿ ಗೋದಾಮಿನಲ್ಲಿ ಎಸೆಸಿದ. "ತಿರಗಾಕತ್ತಿದ್ದಾಗನೇ ಕೈ ಹಾಕಿ ತಗೀರಿ, ಹೆಂಗಸರಂಗ ಅಂಜಬ್ಯಾಡ್ರಿ" ಎಂದ. ಗಂಡಸರು ನಾವು, ಕೈ ಹಾಕಿ ತೆಗೆದೆವು.

ನಮ್ಮ ತಪ್ಪೂ ಒಂದಿದೆ, ಸುಳ್ಳು ಯಾಕೆ ಹೇಳಲಿ. ತೊಗರಿ ಧೂಳಿಗೆ ಮೈ ತುರಿಸಿ ತುರಿಸಿ ರಕ್ತ ಬರುತ್ತದೆ. ಹಮಾಲರೆಲ್ಲ ಮಣಿಕಟ್ಟಿಗೆ ಹಸಿ ಬಟ್ಟೆ ಸುತ್ತಿಕೊಳ್ಳುತ್ತೇವೆ, ತಂಪಿರುತ್ತದೆ. ಅವತ್ತು ಆ ಬಟ್ಟೆಯ ತುದಿ ಬಿಚ್ಚಿ ಜೋಲುತ್ತಿತ್ತು. ಪಟ್ಟಾ ಮೊದಲು ಬಟ್ಟೆ ತಗೊಂಡಿತು, ಆಮೇಲೆ ನನ್ನನ್ನು. ನನ್ನ ಜೋಡಿ ಮಕ್ಬೂಲ್ ಓಡಿಹೋಗಿ ಬಟನ್ ಒತ್ತಿ ಮೋಟಾರು ನಿಲ್ಲಿಸಿದ. ಇಲ್ಲದಿದ್ದರೆ ಹೆಗಲೂ ಹೋಗುತ್ತಿತ್ತು.

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಜಗದೇವಪ್ಪ ಸಾವಕಾರರು ಮಂಚದ ಮೇಲೆ ಕುಳಿತಿದ್ದರು. ಹಣೆಯ ತುಂಬ ವಿಭೂತಿ. ನನ್ನ ಮಂಚದ ಮೇಲೆ ಅವರು ಕುಳಿತದ್ದು ಹುಟ್ಟಿದಾಗಿನಿಂದ ಅದೇ ಮೊದಲು.

"ಹೊಲದಾಗ ಆತು ಅಂತ ಹೇಳು ತಮ್ಮಾ. ಮಿಲ್ ಅಂದ್ರ ಪೊಲೀಸರು ಬೀಗ ಜಡೀತಾರ. ನಲವತ್ತು ಮಂದಿ ಹೊಟ್ಟಿ ಮ್ಯಾಲ ಕಾಲು ಇಡ್ತೇನು? ನಿನ್ನ ನಾ ಕೈಬಿಡಂಗಿಲ್ಲ, ಶರಣರ ಆಣಿ."

ನಲವತ್ತು ಮಂದಿಯಲ್ಲಿ ಮಕ್ಬೂಲ್ ಇದ್ದ, ನನ್ನ ಊರವರು ಇದ್ದರು. ಹೊಲ ಅಂತ ಬರೆದ ಕಾಗದಕ್ಕೆ ಎಡಗೈ ಹೆಬ್ಬೆಟ್ಟು ಒತ್ತಿದೆ. ಇದಕ್ಕಿಂತ ದೊಡ್ಡ ಹುಚ್ಚುತನ ನಾನು ಬದುಕಿನಲ್ಲಿ ಮಾಡಿಲ್ಲ.

ಗಾಯ ಮಾಯ್ದ ಮೇಲೆ ಮಿಲ್ಲಿನ ಗೇಟಿಗೆ ಹೋದರೆ ಅಮರನಾಥ ಒಳಗೇ ಬಿಡಲಿಲ್ಲ. "ಒಂದೇ ಕೈ ಇದ್ದವನಿಗಿ ಇಲ್ಲೇನು ಕೆಲಸ? ಕುಂಡಿ ತೊಳ್ಕೋಳಾಕ ಒಂದು ಕೈ ಬೇಕು, ಉಳಿದದ್ದೇನು ನಿನ್ನ ಬಲ್ಲಿ?" ಎಂದ. ಲಾರಿಯವರು ನಕ್ಕರು. ನಮ್ಮ ಹಮಾಲರೂ ಇಬ್ಬರು ನಕ್ಕರು. ಅದು ಇನ್ನೂ ನನ್ನ ಎದೆಯಲ್ಲಿ ಉರಿಯುತ್ತಿದೆ.

ಸಿಟ್ಟಿಗೆ ದಾವೆ ಹಾಕಿದೆ. ದಾವೆ ಕೇಳುವ ಅಧಿಕಾರಿ ರಘೂತ್ತಮ ಅಂತ. ಮೂರು ಸಲ ತಿರುಗಾಡಿಸಿ ನಾಲ್ಕನೇ ಸಲ ಕರೆದರು. ಕಾಗದದಿಂದ ತಲೆ ಎತ್ತದೆಯೇ ಕೇಳಿದರು, "ಯಾವ ಕೈ ಹೋಗೇದ? ಎಡಾನೋ, ಬಲಾನೋ?"

"ನೋಡ್ರಿ ಸಾಹೇಬ್ರ, ಕಾಣ್ತದ."

"ಕಾಣೂದು ನನಗ ಬ್ಯಾಡ. ಬಾಯಿಲೆ ಹೇಳು."

ಹೇಳಿದೆ. ಬರೆದುಕೊಂಡರು. ಮತ್ತೆ ಹಾಳೆ ತಿರುವಿ, ತುಟಿ ಚಪ್ಪರಿಸಿ ಅಂದರು, "ದವಾಖಾನಿ ಕಾಗದದಾಗ ಹೊಲ ಅಂತದ. ಕೆಳಗ ನಿಂದೇ ಹೆಬ್ಬೆಟ್ಟು. ಮಿಲ್ಲಿನಾಗ ಆದದ್ದು ಕಣ್ಣಾರೆ ನೋಡಿದವ ಒಬ್ಬನರ ಬರಬೇಕು. ಸೋಮವಾರ ಕಡೀ ತಾರೀಖು. ಸಾಕ್ಷಿ ಇಲ್ಲಂದ್ರ ಕೇಸು ಮುಚ್ಚತೀನಿ." ಎಂದವರು ಸಹಿಗೆ ರಿಜಿಸ್ಟರು ತಿರುಗಿಸಿ ಪೆನ್ನನ್ನು ನನ್ನ ಬಲಗಡೆಗೇ ಚಾಚಿದರು. ಪೆನ್ನು ಗಾಳಿಯಲ್ಲಿ ನಿಂತಿತ್ತು. "ಹಿಡಿಯೋ, ತಡಾ ಆಗ್ತದ" ಎಂದರು.

ಈ ತಿಂಗಳುಗಳಲ್ಲೆಲ್ಲ ಕಮಲಾಪುರದಲ್ಲಿ ನನಗೆ ಹೆಂಡತಿ ಶಾಣಮ್ಮನ ಅನ್ನ. ಅವಳು ಜಗದೇವಪ್ಪನವರ ಕೆಂಪು ಬಾಳೆಯ ತೋಟದಲ್ಲಿ ದುಡಿಯುತ್ತಾಳೆ, ನಾವಿರುವುದು ಅದೇ ತೋಟದ ತಗಡಿನ ಶೆಡ್ಡಿನಲ್ಲಿ. ಕುಳಿತು ತಿನ್ನಲು ನಾಚಿಕೆಯಾಗಿ ನಾನೂ ಗೊನೆ ಹೊರಲು ಹೋಗುತ್ತಿದ್ದೆ. ಎಡಗೈಯಿಂದ ಎತ್ತಿ ಹೆಗಲಿಗೆ ಹಾಕಿಕೊಳ್ಳುವುದನ್ನು ಕಲಿಯುವಷ್ಟರಲ್ಲಿ ನಾಲ್ಕು ಸಲ ಬಿದ್ದು ಹಲ್ಲು ಒಂದು ಹೋಯಿತು. ಬಾಳೆ ಕೊಳ್ಳಲು ಬಂದ ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ಬಿಟ್ಟ. ಊರೆಲ್ಲ ನೋಡಿತು. ಧೀರೇಂದ್ರ ಸರೂ ನೋಡಿದರು. ತೋಟ ಯಾರದೆಂದು ತಿಳಿದುಕೊಂಡು ಅಮರನಾಥನಿಗೆ ಫೋನು ಮಾಡಿದರು.

ಕಾರು ಶೆಡ್ಡಿನ ಮುಂದೆ ನಿಂತಾಗ ಶಾಣಮ್ಮ ರೊಟ್ಟಿ ಬಡಿಯುತ್ತಿದ್ದಳು. ಅಮರನಾಥ ಇಳಿಯಲಿಲ್ಲ, ಗಾಜು ಇಳಿಸಿ ಮಾತಾಡಿದ. ಶಿಬಿರದಲ್ಲಿ ನಾಲ್ಕು ಮಾತು ಹೇಳಬೇಕು, ಒಂದು ಚೀಲ ಎತ್ತಬೇಕು, ವಿಡಿಯೋ ಆಗುತ್ತದೆ. ಮಾಡಿದರೆ ಮಿಲ್ಲಿನ ಗೇಟಿನಲ್ಲಿ ಕುರ್ಚಿ, ಕೆಲಸ. ಮಾಡದಿದ್ದರೆ ಶೆಡ್ಡು ಖಾಲಿ, ಹೆಂಡತಿಗೂ ತೋಟದ ಕೆಲಸ ಇಲ್ಲ.

ಕಾರು ಹೋದ ಮೇಲೆ ಶಾಣಮ್ಮ ಹೆಂಚಿನ ಮೇಲಿನ ರೊಟ್ಟಿ ಹೊತ್ತುವುದನ್ನೂ ನೋಡದೆ ಕೇಳಿದಳು, "ವಿಡಿಯೋದಾಗ ಹೊಲಾ ಅಂತ ಹೇಳಿದ್ರ ಸೋಮವಾರ ಕೇಸು ಏನಾತದ?"

"ಸತ್ತು ಹೋತದ."

"ಅಂದ್ರ ಕೈಯಾಗ ಕೊಡಲಿ ಕೊಟ್ಟು, ನಿನ್ನ ಕಾಲು ನೀನೇ ಕಡ್ಕೋ ಅನ್ನಾಕತ್ಯಾನ ಬಾಡಕೋ."

"ಸಾಕ್ಷಿ ಯಾರ ಹೇಳ್ತಾರ ಶಾಣಿ? ಕೇಸು ಹ್ಯಾಂಗೂ ಸತ್ತಂಗೇ. ಗೇಟಿನ ಕೆಲಸಾನರ ಸಿಗಲಿ."

ಅವಳು ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು. "ನಿನ್ನ ಕೈ, ನೀ ನೋಡ್ಕೋ" ಎಂದು ಹೊತ್ತಿದ ರೊಟ್ಟಿಯನ್ನು ತನ್ನ ತಾಟಿಗೆ ಹಾಕಿಕೊಂಡು ನೆಟ್ಟಗಿನದನ್ನು ನನಗೆ ಕೊಟ್ಟಳು.

ಅಂತೂ ಬಂದೆ. ಮಧ್ಯಾಹ್ನದ ಊಟದ ಹೊತ್ತಿಗೆ ಶಿಬಿರದ ಗಂಡಸರು ಹೊರಗೆ ಬಂದರು. ಇನ್ನೂರು ಮಂದಿ, ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟು. ಅಂಗಡಿ ಮುಚ್ಚಿದವರು, ಪರೀಕ್ಷೆ ಫೇಲಾದವರು, ಪ್ರಮೋಷನ್ ತಪ್ಪಿದವರು. ಬೆಳಿಗ್ಗೆ ಅವರಿಂದ ಕೈಯಲ್ಲಿ ಹೆಂಚು ಒಡೆಸಿದ್ದರಂತೆ. ಒಬ್ಬ ಬೆರಳಿಗೆ ಪಟ್ಟಿ ಸುತ್ತಿಕೊಂಡು ಎಲ್ಲರಿಗೂ ತೋರಿಸುತ್ತಿದ್ದ. ನನಗೆ ಹಾಲಿನಲ್ಲಿ ಎಲೆ ಹಾಕಲಿಲ್ಲ. ಗ್ಯಾಸಿನ ಸಿಲಿಂಡರುಗಳ ಹತ್ತಿರ ಹಾಳೆಯ ತಾಟಿನಲ್ಲಿ ಅನ್ನ ಸಾರು ತಂದಿಟ್ಟರು, ಅತಿಥಿಗೆ.

ಮೊಬೈಲಿನಲ್ಲಿ ನನ್ನನ್ನು ನೋಡಿದ್ದ ಒಬ್ಬರು ಅಲ್ಲಿಗೇ ಹುಡುಕಿಕೊಂಡು ಬಂದರು. ಗೋಪಾಲ ಅಂತ, ಬ್ಯಾಂಕಿನವರು. ಹೆಂಡತಿ ಬಿಟ್ಟುಹೋಗಿದ್ದಾಳಂತೆ. ಕೇಳದೆ ಮಾಡದೆ ನನ್ನ ಮೊಂಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಹಣೆಗೆ ಒತ್ತಿಕೊಂಡು ಗಳಗಳ ಅತ್ತರು. "ನಿಮ್ಮನ್ನ ನೋಡಿದ ಮ್ಯಾಲ ನನ್ನ ದುಃಖ ಏನೂ ಅಲ್ಲ ಅನ್ನಸ್ತರಿ. ಭಾಳ ಹಗುರ ಆತು" ಎಂದು ಸೆಲ್ಫಿ ತೆಗೆದುಕೊಂಡು ಹೋದರು. ಇವರ ಎದೆ ಹಗುರಾಗಲಿ ಅಂತ ನನ್ನ ಕೈ ಹೋಯಿತೇನು? ತಾಟನ್ನು ಅತ್ತ ಸರಿಸಿದೆ.

ಹಿಂದಿನ ಬಾಗಿಲಿನಿಂದ ಮಕ್ಬೂಲ್ ಕೈಗಾಡಿ ತಳ್ಳಿಕೊಂಡು ಬಂದ. ಗಾಡಿಯಲ್ಲಿ ಒಂದು ಕ್ವಿಂಟಲಿನ ಚೀಲ. ನನ್ನನ್ನು ನೋಡಿ ಮುಖ ಬೇರೆ ಕಡೆ ಮಾಡಿದ. ಹದಿನಾಲ್ಕು ವರ್ಷ ಒಂದೇ ಚೀಲದ ಎರಡು ಕಿವಿ ಹಿಡಿದವರು ನಾವು.

"ಯಾಕೋ ಮಕ್ಬೂಲ್, ಗುರುತು ಸಿಗಲಿಲ್ಲೇನು?"

"ಕ್ಯಾ ಬೋಲೂಂ ಭಾಯ್. ನಿನ್ನ ಮುಂದ ಬರಾಕ ನನಗೇ ಶರಮ್ ಆಗ್ತದ." ಚೀಲ ಇಳಿಸಿದ, ಒಬ್ಬನೇ, ಎರಡು ಬೆರಳಲ್ಲಿ ಎತ್ತಿದ ಹಾಗೆ. ನನಗೆ ಆಗಲೇ ತಿಳಿಯಿತು. "ಹೊಟ್ಟು ತುಂಬ್ಯಾರ. ಮ್ಯಾಲ ಒಂದು ಬೊಗಸಿ ಬೇಳೆ ಹಾಕಿ ಹೊಲಿದಾರ. ಹದಿನೈದು ಕಿಲೋ ಸೈತ ಇಲ್ಲ. ಸ್ಟೇಜಿನ್ಯಾಗ ನೀ ಏದುಸಿರು ಬಿಡಬೇಕಂತ, ನಿನಗ ಹೇಳು ಅಂದಾನ ಛೋಟೇ ಮಾಲಕ್."

ಅವನ ಮಣಿಕಟ್ಟು ನೋಡಿದೆ. ಹಸಿ ಬಟ್ಟೆ ಸುತ್ತಿತ್ತು.

"ಈಗ ಎಲ್ಲಿ ಹಚ್ಯಾರ ನಿನ್ನ?"

"ನಿನ್ನ ಜಾಗದಾಗ."

"ಜಾಳಗಿ ಹಾಕಿಸ್ಯಾರೇನು?"

"ಜಾಳಗಿ? ಸ್ವಾಮ್ಯಾರಿಗಿ ಕರೆಸಿ ಮಷೀನಿಗಿ ಪೂಜಾ ಮಾಡಿಸ್ಯಾರ. ಕುಂಬಳಕಾಯಿ ಒಡದಾರ, ಲಿಂಬಿಕಾಯಿ ಕಟ್ಯಾರ. ನಿನ್ನ ರಗತ ಬಿದ್ದು ಮಷೀನು ಮೈಲಿಗಿ ಆಗಿತ್ತಂತ." ಮಕ್ಬೂಲ್ ನಕ್ಕ, ಆದರೆ ನಗು ಅರ್ಧಕ್ಕೇ ನಿಂತಿತು.

"ಸೋಮವಾರ ಬರ್ತೇನೋ ಸಾಕ್ಷಿಗಿ? ನೀ ಒಬ್ಬನೇ ನೋಡಿದವ."

ಅವನು ಗಾಡಿಯ ಹಿಡಿಕೆ ಹಿಡಿದ. "ಮಗಳು ಶಾಹಜಾದಿದು ಶಾದಿ ಠರಾವ್ ಆಗೇದ ಭಾಯ್. ಕೆಲಸ ಹೋದ್ರ ಹುಡುಗನ ಕಡಿಯವರು ಮುರೀತಾರ. ಮಾಫ್ ಮಾಡು." ಕೈಗಾಡಿ ತಿರುಗಿಸಿಕೊಂಡು ಹೋಗಿ ಸ್ಟೇಜಿನ ಪಕ್ಕದ ಕತ್ತಲಲ್ಲಿ ನಿಂತ. ನಾನು ಅವನನ್ನು ಬೈಯಲಿಲ್ಲ. ಹೆಬ್ಬೆಟ್ಟು ಒತ್ತುವಾಗ ನಾನೂ ಹೀಗೇ ಲೆಕ್ಕ ಹಾಕಿದ್ದೆನಲ್ಲ.

ನಾಲ್ಕು ಗಂಟೆಗೆ ನನ್ನನ್ನು ಮೇಲೆ ಕರೆದರು. ಲೈಟು ಮುಖಕ್ಕೆ ರಾಚಿತು. ಎದುರಿಗೇ ದೊಡ್ಡ ವಿಡಿಯೋ ಕ್ಯಾಮೆರಾ. ಧೀರೇಂದ್ರ ಸರ್ ನನ್ನ ಹೆಗಲ ಮೇಲೆ ಕೈ ಹಾಕಿ ಮೈಕಿನಲ್ಲಿ ಕಥೆ ಶುರು ಮಾಡಿದರು.

"ಕುಡುಕ. ಹೆಂಡತಿ ಬಿಟ್ಟು ಹೋದಳು. ಕೈ ಹೋಯಿತು. ಯಾರನ್ನಾದರೂ ದೂರಿದರಾ? ಕೋರ್ಟು, ಕಚೇರಿ ಅಂತ ಅಲೆದರಾ? ಇಲ್ಲ! ಎದ್ದು ನಿಂತರು. ಅಕ್ಷರ ಬಾರದ ಈ ಮನುಷ್ಯ ಇವತ್ತು ಒಬ್ಬರೇ, ಒಂದೇ ಕೈಯಲ್ಲಿ ಕ್ವಿಂಟಲ್ ತೊಗರಿ ಎತ್ತುತ್ತಾರೆ. ನಿಮಗೆ ಎರಡು ಕೈ ಇದೆ. ನಾಚಿಕೆ ಆಗಬೇಕು ನಿಮಗೆ!"

"ಎದ್ದೆ! ಗೆದ್ದೆ!" ಎಂದು ಇನ್ನೂರು ಗಂಡಸರು ಕೂಗಿದರು.

ನನ್ನ ಶಾಣಮ್ಮ ಬಿಟ್ಟುಹೋದಳಂತೆ! ಹೊತ್ತಿದ ರೊಟ್ಟಿ ತಾನು ತಿಂದವಳು. ನನ್ನ ಮೈಯೆಲ್ಲ ಉರಿಯಿತು. ಮೈಕು ನನ್ನ ಬಾಯಿಗೆ ಬಂತು. ಮೊದಲ ಸಾಲಿನಲ್ಲಿ ಅಮರನಾಥ ತೊಡೆಯ ಮೇಲೆ ಕಾಲು ಹಾಕಿಕೊಂಡು ಕುಳಿತು ಹುಬ್ಬು ಹಾರಿಸಿದ, ಹೂಂ, ಬೊಗಳು ಅನ್ನುವಂತೆ. ಬಾಯಿ ತೆರೆದೆ. ನಾಲ್ಕು ಮಾತೂ ನಾಲಿಗೆಯ ಮೇಲೇ ಇದ್ದವು. ಸ್ಟೇಜಿನ ಪಕ್ಕದಲ್ಲಿ ಮಕ್ಬೂಲ್ ಮಣಿಕಟ್ಟಿನ ಬಟ್ಟೆ ಬಿಚ್ಚಿ ಮತ್ತೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ನಾಳೆ ಈ ಸ್ಟೇಜಿನ ಮೇಲೆ ಎಣ್ಣೆ ಹಚ್ಚಿಸಿಕೊಂಡು ನಿಲ್ಲುವವನು ಅವನೇ ಅನ್ನಿಸಿತು. ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಅವನ ಕಿರುಚಾಟ ನಾನು ಕೇಳಬೇಕು.

"ಹಮಾಲ ಒಬ್ಬನೇ ಚೀಲ ಎತ್ತಂಗಿಲ್ರಿ" ಎಂದೆ. "ಅದು ನಮ್ಮ ಕಟ್ಟಳಿ. ಇಬ್ಬರು ಚೀಲದ ಬುಡಕ ಕೈಗಿ ಕೈ ಹೆಣೀತೀವಿ, ಮೂರನೇದವ ಬೆನ್ನು ಕೊಡ್ತಾನ. ಲೇ ಮಕ್ಬೂಲ್, ಬಾ, ಬೆನ್ನು ಕೊಡು. ಅಮರನಾಥ ಧಣೀರ, ಬರ್ರಿ ಮ್ಯಾಲ. ನನಗ ಒಂದು ಕೈ ಕಡಿಮಿ ಅದ."

ಜನ ಚಪ್ಪಾಳೆ ತಟ್ಟಿತು. ಧೀರೇಂದ್ರ ಸರ್ ಒಂದು ಗಳಿಗೆ ತಬ್ಬಿಬ್ಬಾದರು, ಆಮೇಲೆ ಅವರ ಮುಖ ಅರಳಿತು. "ನೋಡಿದಿರಾ! ಮಾಲೀಕ, ಕಾರ್ಮಿಕ, ಜೋಡಿ! ಬನ್ನಿ ಅಮರ, ಬನ್ನಿ!" ಬರದೆ ಇರಲು ಆಗುತ್ತದೆಯೇ, ಕ್ಯಾಮೆರಾ ಅವನ ಮುಖದ ಮೇಲೇ ಇತ್ತು. ನಗುತ್ತ ಮೆಟ್ಟಿಲು ಹತ್ತಿ ಬಂದ. ಮಕ್ಬೂಲ್ ಬೆನ್ನು ಬಗ್ಗಿಸಿ ನಿಂತ. ನಾವಿಬ್ಬರೂ ಚೀಲದ ಆ ಕಡೆ ಈ ಕಡೆ ಕುಕ್ಕರಗಾಲಲ್ಲಿ ಕುಳಿತೆವು. ಚೀಲದ ಬುಡದಲ್ಲಿ ಅವನ ಬಲಗೈ ನನ್ನ ಎಡಗೈಗೆ ಸಿಕ್ಕಿತು. ಮೆತ್ತಗಿತ್ತು, ಹಸುಗೂಸಿನ ಕೈಯಂತೆ. ಎರಡು ಉಂಗುರ.

"ಏನಲೇ ನಾಟಕ?" ಎಂದ ಹಲ್ಲು ಕಚ್ಚಿ, ನಗು ಹಾಗೇ ಇಟ್ಟುಕೊಂಡು.

"ಧಣಿ, ನನ್ನ ಕೈ ಎಲ್ಲಿ ಹೋತು?"

"ಹೊಲದಾಗ. ಎತ್ತಲೇ ಚೀಲ."

ಬಿಗಿ ಹಿಡಿದೆ. ಹದಿನಾಲ್ಕು ವರ್ಷ ಚೀಲದ ಕಿವಿ ಹಿಡಿದ ಕೈ, ಈಗ ಎರಡು ಕೈಯ ಕೆಲಸ ಮಾಡುವ ಕೈ. ಅವನ ನಗು ಅಳಿಸಿಹೋಯಿತು.

"ಮಂದಿಗಿ ಕೇಳಿಸಂಗ ಹೇಳ್ರಿ. ನನ್ನ ಕೈ ಎಲ್ಲಿ ಹೋತು?" ಎಂದು ಕೂಗಿದೆ. ಧೀರೇಂದ್ರ ಸರ್ ಮೈಕು ತಮ್ಮ ಬಾಯಿಗೆ ಹಿಡಿದರು. "ಇದು! ಇದೇ ಆಕ್ರೋಶ! ಈ ಬೆಂಕಿ ನಿಮ್ಮೊಳಗೂ ಹೊತ್ತಬೇಕು! ಹೇಳಿ ಎಲ್ಲರೂ..."

"ಎದ್ದೆ! ಗೆದ್ದೆ!" ಇನ್ನೂರು ಮಂದಿ ಎದ್ದು ನಿಂತು ಮುಷ್ಟಿ ಎತ್ತಿದರು. ಗೋಪಾಲ ಕಣ್ಣೀರು ಸುರಿಸುತ್ತ ಎಲ್ಲರಿಗಿಂತ ಜೋರಾಗಿ ಕೂಗುತ್ತಿದ್ದರು. ನನ್ನ ಮಾತು ಅದರಲ್ಲಿ ಮುಳುಗಿಹೋಯಿತು. ಹಾಳಾಗಿ ಹೋಗಲಿ ಅಂತ ಇನ್ನೂ ಬಿಗಿದೆ. ಉಂಗುರ ಮಾಂಸಕ್ಕೆ ಇಳಿಯಿತು. ಒಳಗೆ ಏನೋ ಲಟಕ್ಕೆಂದಿತು.

"ಮಿಲ್ಲಿನಾಗೋ!" ಅಮರನಾಥ ಕಿರುಚಿದ. "ನಮ್ಮ ಮಿಲ್ಲಿನಾಗೇ ಹೋತೋ! ಬಿಡೋ ಗಾಂಡು, ಬಿಡೋ, ಸತ್ತೆ!"

ಕೂಗು ನಿಂತಿತು. ಎತ್ತಿದ ಮುಷ್ಟಿಗಳು ಹಾಗೇ ಮೇಲೆಯೇ ಇದ್ದವು. ಕ್ಯಾಮೆರಾದವನು ಬಂದ್ ಮಾಡುವುದನ್ನು ಮರೆತಿದ್ದ. ಬಾಗಿಲ ಕಡೆಯಿಂದ ಕರಿ ಅಂಗಿಯ ಕಾವಲಿನವರಿಬ್ಬರು ಓಡಿಬಂದು ನನ್ನನ್ನು ಹೊಡೆಯತೊಡಗಿದರು. ಎಲ್ಲಿ ಹೊಡೆದರೆ ಬಿಡುತ್ತೇನೆ ಅಂತ ಅವರಿಗೆ ಗೊತ್ತಿತ್ತು, ಮೊಂಡಗೈಯ ಮೇಲೆಯೇ ಬೂಟಿನಿಂದ ಒದ್ದರು. ಕಣ್ಣಿಗೆ ಕತ್ತಲೆ ಬಂತು. ಬಿಡಲಿಲ್ಲ.

"ಯಾವ ಮಷೀನು ಧಣಿ? ಅದೂ ಹೇಳ್ರಿ!"

ಅವನು ಇನ್ನೊಂದು ಕೈಯಿಂದ ನನ್ನ ಬೆರಳು ಬಿಡಿಸಲು ಹೆಣಗಿದ. ಇನ್ನೊಂದು ಒದೆ ಬಿತ್ತು.

ಆಗ ನನ್ನ ತಲೆಯ ಹತ್ತಿರ ಬಗ್ಗಿ ನಿಂತಿದ್ದ ಬೆನ್ನು ನೆಟ್ಟಗಾಯಿತು. ಮಕ್ಬೂಲ್ ಕರಿ ಅಂಗಿಯ ಇಬ್ಬರನ್ನೂ ದೂಡಿ ಮುಂದೆ ಬಂದು ಕ್ಯಾಮೆರಾದ ಎದುರಿಗೆ ನಿಂತ.

"ಎರಡನೇ ನಂಬರಿನ ಎಲಿವೇಟರ್" ಎಂದ. "ಜಾಳಗಿ ಇರಲಿಲ್ಲ. ಮೋಟಾರ್ ಬಂದ್ ಮಾಡಿದವ ನಾನೇ."